ಕಾಲು ನೆಲಕ್ಕೆ ಬಿತ್ತಾ?

ಮಾರ್ಚ್ ೩, ಸೋಮವಾರ

ಅದಕ್ಕೇ ಹೇಳಿದ್ದು, ತಗಡಿನ ಗೋಡೆ ಎಷ್ಟೇ ಎತ್ತರವಿರಲಿ, ಅದು ತಗಡೇ. ನಮ್ಮ ಹೋಟೆಲಿನ ಗೋಡೆ ಕಲ್ಲಿನದು. ಯಾವುದು ಮೊದಲು ಜಾಗ ಖಾಲಿ ಮಾಡುತ್ತದೆ, ನೋಡೋಣ. ನಿನ್ನೆ ಇಷ್ಟು ಬರೆಯುವಷ್ಟರಲ್ಲಿ ಮಗಳು ಬಂದು ಬಾಗಿಲಲ್ಲಿ ನಿಂತಳು, ಮಾತು ಅಲ್ಲಿಗೇ ತುಂಡಾಯಿತು.

ತಗಡಿನ ಆಚೆ ಈಗ ರೈಲು ನಿಲ್ದಾಣವಿಲ್ಲ, ಹೊಂಡವಿದೆ. ಹಳೆಯದನ್ನು ಕೆಡವಿ ನೆಲದೊಳಗೆ ಹೊಸದನ್ನು ಕಟ್ಟುತ್ತಿದ್ದಾರೆ. ಅಲ್ಲಿಯವರೆಗೆ ರೈಲುಗಳೆಲ್ಲ ಊರಾಚೆಯ ನಿಲ್ದಾಣದಲ್ಲೇ ನಿಂತು ವಾಪಸ್ ಹೋಗುತ್ತವೆ. ಪೆಟ್ಟಿಗೆ ಹಿಡಿದು ರಸ್ತೆ ದಾಟಿ ನೇರ ನಮ್ಮ ಪೋರ್ಟಿಕೋಗೆ ಬರುತ್ತಿದ್ದ ಗಿರಾಕಿಗೆ ಈಗ ದಾಟಲು ರಸ್ತೆಯೇ ಉಳಿದಿಲ್ಲ. ಅಜ್ಜ ಈ ಹೋಟೆಲು ಕಟ್ಟಿಸಿದ್ದೇ ಎದುರಿಗೆ ರೈಲು ಬಂತೆಂದು. ಮೂರು ಮಹಡಿ, ಕಮಾನುಗಳ ಪೋರ್ಟಿಕೋ, ಆನೆ ಹತ್ತಿದರೂ ಕಿರ್ ಎನ್ನದ ಮರದ ಮೆಟ್ಟಿಲು. ನಮ್ಮನ್ನು ಇಲ್ಲಿಗೆ ತಂದ ರೈಲೇ ಈಗ ಕಳಿಸುತ್ತಿದೆ ಎಂದು ಮಗಳ ಅಭಿಪ್ರಾಯ. ನನ್ನದು ಬೇರೆ.

ಮೊನ್ನೆ ನಾನೇ ಏಣಿ ಇಟ್ಟು ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಬಾಣದ ಗುರುತು ಬರೆದು, ‘ಹೋಟೆಲ್ ಇದೆ’ ಎಂದು ದೊಡ್ಡದಾಗಿ ಬರೆದಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಅದರ ಮೇಲೆ ನೀಲಿ ಬಳಿದಿದ್ದಾರೆ. ನಾಳೆ ಮತ್ತೆ ಬರೆಯುತ್ತೇನೆ. ಅವರ ಹತ್ತಿರ ಬಣ್ಣದ ಡಬ್ಬ ಇದ್ದರೆ ನನ್ನ ಹತ್ತಿರವೂ ಇದೆ.

ನಿನ್ನೆ ಬಾಗಿಲಲ್ಲಿ ನಿಂತ ಮಗಳು ಹೇಳಿದ್ದು ಇದು:

“ಅಪ್ಪ, ಇಷ್ಟು ರೂಮಲ್ಲಿ ಈಗ ಎಷ್ಟು ಜನ ಇದಾರೆ, ಗೊತ್ತಾ?”

“ಇದಾರೆ.”

“ಒಬ್ಬರು. ಅವರೂ ನಿನ್ನ ಜೊತೆ ಚದುರಂಗ ಆಡೋಕೆ ಬಂದಿರೋ ಹಳೇ ದೋಸ್ತು. ಸೋತಿದಾರೆ, ನಾಳೆ ಹೋಗ್ತಾರೆ.”

ಸುರಂಗ ಕೊರೆಯುವ ಕಂಪನಿಯವರು ಇಡೀ ಕಟ್ಟಡವನ್ನು ತಮ್ಮ ಆಫೀಸಿಗೆ ಬಾಡಿಗೆಗೆ ಕೇಳಿದ್ದಾರೆ. ತಿಂಗಳ ಕೊನೆಯೊಳಗೆ ಸಹಿ ಬೇಕಂತೆ. ಒಳಗಿನ ಗೋಡೆಗಳನ್ನು ತೆಗೆದು ಒಂದೊಂದು ಮಹಡಿಯನ್ನೂ ಒಂದೊಂದು ಹಾಲ್ ಮಾಡುತ್ತಾರಂತೆ.

“ಕೆಲಸ ಮುಗಿದ ಮೇಲೆ ವಾಪಸ್ ಕೊಡ್ತಾರಲ್ಲಪ್ಪ.”

“ಏನು ಕೊಡ್ತಾರೆ? ರೂಮಿಲ್ಲದ ಹೋಟೆಲು ಕೊಡ್ತಾರೆ.”

ಅವಳು ಸುಮ್ಮನಿರುವ ಜಾತಿಯಲ್ಲ. “ನೀನು ಮೂರನೇ ಮಹಡಿ ಹತ್ತಿ ಎಷ್ಟು ದಿನ ಆಯ್ತು, ಹೇಳು,” ಎಂದಳು. ಮೊಣಕಾಲು ನೋವು ಎಂದೆ. “ಅಮ್ಮ ಹೋದಾಗಿಂದ ಮೊಣಕಾಲು ನೋವು,” ಎಂದು ಗೊಣಗಿಕೊಂಡು ಹೋದಳು. ವೈದ್ಯಶಾಸ್ತ್ರ ಓದಿದವಳ ಹಾಗೆ.

ಕಂಪನಿಗೆ ಇಂಗ್ಲಿಷಿನಲ್ಲಿ ಒಂದು ಉತ್ತರ ಬರೆಯಬೇಕು. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದು ಶುರು ಮಾಡುತ್ತೇನೆ. ಕಾಲೇಜಿನಲ್ಲಿ ಕಲಿತದ್ದು. ಅರ್ಥ ಪೂರ್ತಿ ನೆನಪಿಲ್ಲ, ಓದುವವನಿಗೂ ನೆನಪಿರುವುದಿಲ್ಲ, ಹೆದರುತ್ತಾನೆ.

ಕತ್ತಲಾಗುತ್ತಾ ಬಂತು. ಮೊದಲು ಪೋರ್ಟಿಕೋ ದೀಪ, ಆಮೇಲೆ ಮೆಟ್ಟಿಲಿನದು, ಕೊನೆಗೆ ಒಳಗಿನವು. ಇದು ನನ್ನವಳ ಕ್ರಮವಾಗಿತ್ತು. ಈಗ ಯಾರು ಏಳುತ್ತಾರೆ? ಮಗಳು ಹಾಕಲಿ.

ಮಾರ್ಚ್ ೬, ಗುರುವಾರ

ಮತ್ತೆ ಬಾಣ ಬರೆದೆ. ಮತ್ತೆ ನೀಲಿ ಬಳಿದರು. ಈ ಸಲ ಬಳಿದವನು ನನ್ನನ್ನು ನೋಡಿ ಕೈ ಎತ್ತಿ ನಮಸ್ಕಾರ ಬೇರೆ ಹೇಳಿದ. ಎಂಥ ಧೈರ್ಯ.

ಧೂಳಿನ ಮಾತು ಕೇಳಲೇಬಾರದು. ಮೆಟ್ಟಿಲಿನ ಕಟಕಟೆ ಒರೆಸಿ ಬಟ್ಟೆ ಹಿಂಡಿ ಬರುವಷ್ಟರಲ್ಲಿ ಅದರ ಮೇಲೆ ಹೆಸರು ಬರೆಯಬಹುದು. ಹೊಂಡದೊಳಗಿನ ರಾಕ್ಷಸ, ಆ ಸುರಂಗ ಕೊರೆಯುವ ಮಿಷನ್ನು, ಗುಡುಗಿದಾಗೆಲ್ಲ ಹಜಾರದ ಗಾಜಿನ ತೂಗುದೀಪ ಹಲ್ಲು ಕಡಿಯುತ್ತದೆ. ರೂಮು ಗುಡಿಸುವ ಬಕೆಟ್ ಅಕ್ಕ ಮಾತ್ರ ಜಗ್ಗುವುದಿಲ್ಲ. ಆಕೆಯ ತಗಡಿನ ಬಕೆಟ್ ಮೆಟ್ಟಿಲು ಮೆಟ್ಟಿಲಿಗೂ ಢಣ್ ಢಣ್ ಎಂದು ಬಡಿಯುತ್ತಾ ಮೇಲೇರುವ ಸದ್ದು ರಾಕ್ಷಸನನ್ನೂ ಮೀರಿಸುತ್ತದೆ. ಹೆಸರು ಸುಮ್ಮನೆ ಬಂದಿಲ್ಲ.

“ಯಜಮಾನ್ರೇ, ಯಾರೂ ಇಲ್ದಿರೋ ರೂಮು ಯಾಕೆ ಗುಡಿಸ್ಬೇಕು?” ಎಂದಳು ಇವತ್ತು.

“ಬರ್ತಾರೆ.”

“ಬರೋವಾಗ ಹೇಳಿ, ಓಡಿಹೋಗಿ ಗುಡಿಸ್ತೀನಿ.”

ಹಾಗೆ ಹೇಳುತ್ತಾ ಎಲ್ಲ ರೂಮುಗಳನ್ನೂ ಗುಡಿಸಿದಳು. ಮೆಟ್ಟಿಲ ಬುಡದಲ್ಲಿ ಮೊಳೆಗೆ ತೂಗುಹಾಕಿರುವ ಸುತ್ತಿಗೆಯನ್ನೂ ಒರೆಸಿದಳು. ಅದರ ಪಕ್ಕದ ಬೆತ್ತದ ಕುರ್ಚಿಯನ್ನೂ ಒರೆಸಿದಳು. ಅದರಲ್ಲಿ ಯಾರೂ ಕೂರುವುದಿಲ್ಲ.

ಆ ಸುತ್ತಿಗೆಯ ಕಥೆ ಬರೆದಿಡಬೇಕು, ಇಲ್ಲದಿದ್ದರೆ ನಾಳೆ ಅದನ್ನು ಮಸಾಲೆ ಕುಟ್ಟುವುದಕ್ಕೆ ತೆಗೆದುಕೊಂಡು ಹೋದಾರು. ಅಂಗೈಯಷ್ಟು ಮರದ ಸುತ್ತಿಗೆ. ಬೆಳಗಿನ ಮೊದಲ ರೈಲು ಹಿಡಿಯುವ ಗಿರಾಕಿಗಳನ್ನು ಎಬ್ಬಿಸುವುದಕ್ಕೆ ಅಜ್ಜ ಮಾಡಿಸಿದ್ದು. ನಮ್ಮಲ್ಲಿ ಇಳಿದವನು ರೈಲು ತಪ್ಪಿಸಿಕೊಳ್ಳುವುದಿಲ್ಲ, ಇದು ಈ ಹೋಟೆಲಿನ ಮಾತು. ಒಂದೇ ಒಂದು ಸಲ ತಪ್ಪಿತಂತೆ. ಅಜ್ಜ ಬಾಗಿಲು ತಟ್ಟಿದರು, ಒಳಗಿದ್ದವನು “ಎದ್ದೆ” ಎಂದ, ಎಂದವನೇ ಮಗ್ಗಲು ಬದಲಿಸಿ ಮಲಗಿದ. ರೈಲು ಹೋಯಿತು. ಹೋಗಬೇಕಿದ್ದದ್ದು ತನ್ನದೇ ಮದುವೆಗೆ. ಅಂದಿನಿಂದ ಬಾಯಿಮಾತು ನಂಬುವುದಿಲ್ಲ. ಮೂರು ಸಲ ತಟ್ಟುವುದು, ಆಮೇಲೆ, “ಕಾಲು ನೆಲಕ್ಕೆ ಬಿತ್ತಾ?” ಎಂದು ಕೇಳುವುದು. ಒಳಗಿನಿಂದ ಪಾದದ ಸದ್ದು ಬರುವವರೆಗೆ ಬಾಗಿಲು ಬಿಟ್ಟು ಕದಲುವಂತಿಲ್ಲ.

ನನ್ನವಳು ಬಂದಮೇಲೆ ಸುತ್ತಿಗೆ ಅವಳ ಕೈಗೆ ಹೋಯಿತು. ಅವಳ ಕಿವಿ ಅಜ್ಜನದಕ್ಕಿಂತ ಚುರುಕು. “ಒಂದೇ ಕಾಲು ಬಿತ್ತು. ಇನ್ನೊಂದು?” ಎನ್ನುತ್ತಿದ್ದಳು. ದೊಡ್ಡ ದೊಡ್ಡ ಅಧಿಕಾರಿಗಳು ಒಳಗಿನಿಂದ ಇನ್ನೊಂದು ಕಾಲನ್ನೂ ದಬಕ್ಕನೆ ನೆಲಕ್ಕೆ ಹಾಕುತ್ತಿದ್ದರು.

ಅವಳು ಹೋದಮೇಲೆ ಎಲ್ಲರ ಜೇಬಿನಲ್ಲೂ ಎಬ್ಬಿಸುವ ಫೋನು ಇದೆ ಎಂದು ಮಗಳು ಹೇಳಿದಳು. ಇರಲಿ ಎಂದೆ, ಸುತ್ತಿಗೆ ಮೊಳೆ ಸೇರಿತು.

ಮಾರ್ಚ್ ೧೨, ಬುಧವಾರ

ಇವತ್ತು ಒಂದು ಅಧಿಕಪ್ರಸಂಗ ನಡೆಯಿತು.

ಬೆಳಿಗ್ಗೆ ತಗಡಿನ ಆಚೆಯಿಂದ ಒಬ್ಬಳು ಹುಡುಗಿ ಬಂದಳು. ಹಳದಿ ಹೆಲ್ಮೆಟ್, ಮಂಡಿಯವರೆಗೆ ಕೆಸರು. ಇಂಜಿನಿಯರಂತೆ. ಪೋರ್ಟಿಕೋ ಕಂಬದಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಅದರ ಮೇಲೆ ಅಡ್ಡಲಾಗಿ ತೆಳುಗಾಜಿನ ಪಟ್ಟಿ ಅಂಟಿಸಿದಳು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ, ಒಡೆದರೆ ಕೆಲಸ ನಿಲ್ಲಿಸುತ್ತಾರೆ.

“ಆ ಬಿರುಕು ನಮ್ಮಪ್ಪನ ಕಾಲದ್ದು,” ಎಂದೆ. “ನಿಮ್ಮ ಮಿಷನ್ನಿಗೆ ಹೆದರೋ ಕಟ್ಟಡ ಅಲ್ಲ ಇದು.”

“ಗೊತ್ತು ಸಾರ್. ಹೆದರೋರು ನಾವು. ಅದಕ್ಕೇ ಗಾಜು ಅಂಟಿಸ್ತಿರೋದು.”

ಉತ್ತರ ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು. ಒಂದು ಲೋಟ ಚಹಾ ಕೊಡಿಸೋಣ ಎಂದು ಅಡುಗೆಮನೆಗೆ ಹೋಗಿ ಬಂದೆ. ಬರುವಷ್ಟರಲ್ಲಿ ಆ ಹುಡುಗಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾಳೆ. ಕೂತಿದ್ದಾಳೆ ಏನು, ನಿದ್ದೆ ಹೋಗಿದ್ದಾಳೆ. ಬಾಯಿ ತೆರೆದು, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು, ಆ ಕುರ್ಚಿಯಲ್ಲಿ.

ಎಬ್ಬಿಸೋಣವೆಂದು ಹತ್ತಿರ ಹೋದೆ. ಚಹಾದ ಲೋಟ ಕೈಯಲ್ಲೇ ಇತ್ತು. ನಿಂತೆ. ಬಕೆಟ್ ಅಕ್ಕ ಮೇಲಿನಿಂದ ಇಳಿದು ಬರುವ ಸದ್ದು ಕೇಳಿಸಿತು. ಓಡಿಹೋಗಿ ಅವಳ ಕೈಯಿಂದ ಬಕೆಟ್ ಕಿತ್ತುಕೊಂಡೆ. ಯಾಕೆ ಹಾಗೆ ಮಾಡಿದೆನೋ. ಬಕೆಟ್ ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಮಧ್ಯಾಹ್ನ ಎಚ್ಚರಾಗಿ ಹುಡುಗಿ ನಾಲಿಗೆ ಕಚ್ಚಿಕೊಂಡಳು. ರಾತ್ರಿ ಪಾಳಿಯವಳಂತೆ. ಸುರಂಗದವರು ರಾತ್ರಿಯೆಲ್ಲ ಕೆಳಗಿರುತ್ತಾರೆ, ಹಗಲು ಹೊಂಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಬಿಸಿಲೇರಿದರೆ ಶೆಡ್ಡು ಕಾದ ಕಾವಲಿ.

“ನಿಮ್ಮಲ್ಲಿ ರೂಮಿದ್ರೆ ನಮ್ಮ ಹುಡುಗರಿಗೆ ಕೊಡ್ತೀರಾ ಸಾರ್?”

“ಸರ್ಟನ್ಲಿ ನಾಟ್,” ಎಂದೆ. “ಇದು ಪ್ರಯಾಣಿಕರ ಹೋಟೆಲು. ಎದುರಿನ ಹೊಂಡಕ್ಕಿಳಿದು ಹತ್ತಿ ಬರೋರು ಪ್ರಯಾಣಿಕರಲ್ಲ.”

ಹುಡುಗಿ ತಣ್ಣಗಾದ ಚಹಾ ಒಂದೇ ಗುಟುಕಿಗೆ ಕುಡಿದು, “ದಿನಾ ಎಷ್ಟು ದೂರ ಹೋಗ್ತೀವಿ ಅಂತ ನಿಮಗೆ ಗೊತ್ತಿಲ್ಲ,” ಎಂದು ಹೋದಳು.

ಮಾರ್ಚ್ ೧೩, ಗುರುವಾರ

ಗಿರಾಕಿಗಳಿಲ್ಲ. ಬಾಣ ಬರೆಯಲಿಲ್ಲ.

ಮಾರ್ಚ್ ೧೯, ಬುಧವಾರ

ಯೋಚಿಸಿ ನೋಡಿದೆ. ಪ್ರಯಾಣಿಕ ಎಂದರೆ ಯಾರು? ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವವನು. ಈ ಜನ ದಿನಾ ಒಂದಿಷ್ಟು ಮುಂದೆ ಹೋಗುತ್ತಾರೆ, ಹಿಂದಿನ ದಿನ ಇದ್ದ ಜಾಗದಲ್ಲಿ ಇರುವುದಿಲ್ಲ. ರೈಲಿಗಿಂತ ಸ್ವಲ್ಪ ನಿಧಾನ, ಅಷ್ಟೇ. ತರ್ಕದಲ್ಲಿ ತಪ್ಪಿಲ್ಲ. ಇದಕ್ಕೆ ನನ್ನ ಸ್ವಂತ ವಿಚಾರಶಕ್ತಿಯೇ ಕಾರಣ, ಆ ಹುಡುಗಿಯ ಮಾತಲ್ಲ.

ಮಗಳಿಗೆ ಹೇಳಿದೆ, ಸುರಂಗದ ರಾತ್ರಿ ಪಾಳಿಯವರಿಗೆ ಮೂರನೇ ಮಹಡಿ ಕೊಡುತ್ತಿದ್ದೇನೆ ಎಂದು. ಅವಳು ಪೆನ್ನು ಕೆಳಗಿಟ್ಟಳು.

“ಯಾರನ್ನ ಓಡಿಸ್ಬೇಕು ಅಂತ ಇಷ್ಟು ದಿನ ಬಾಣ ಬರೀತಿದ್ದೆಯೋ ಅವರನ್ನೇ?”

“ನಾನು ಬರೆದದ್ದು ಹೋಟೆಲ್ ಇದೆ ಅಂತ. ಅವರೂ ಓದಿದಾರೆ.”

“ಒಂದು ವಾರ ನೋಡು ಅಪ್ಪ. ಆಮೇಲೆ ಸಹಿ ಹಾಕ್ತೀಯ, ಮಾತು ಕೊಡು.”

“ನಾಟ್‌ವಿತ್‌ಸ್ಟ್ಯಾಂಡಿಂಗ್,” ಎಂದೆ. ಅದನ್ನು ಅವಳು ಒಪ್ಪಿಗೆ ಎಂದು ತೆಗೆದುಕೊಂಡಳು, ನಾನು ಬೇಡವೆನ್ನಲಿಲ್ಲ.

ಅವರ ಮೇಸ್ತ್ರಿ ರೂಮು ನೋಡಲು ಬಂದಿದ್ದ. ಬಾಣದ ಮೇಲೆ ನೀಲಿ ಬಳಿದು ನಮಸ್ಕಾರ ಹೇಳಿದವನೇ. ಬಾಗಿಲಿನಂಥ ಆಳು. “ಬೂಟೆಲ್ಲ ಕೆಸರು ಯಜಮಾನ್ರೇ, ಹಿಂದ್ಗಡೆ ಅಡುಗೆಮನೆಯಿಂದ ಬಂದ್ಬಿಡ್ತೀವಿ,” ಎಂದ. ಈ ಹೋಟೆಲಿನಲ್ಲಿ ಗಿರಾಕಿ ಹಿಂಬಾಗಿಲಿನಿಂದ ಬಂದದ್ದಿಲ್ಲ ಎಂದೆ. ಪೋರ್ಟಿಕೋದಿಂದ ಮೆಟ್ಟಿಲವರೆಗೆ ಗೋಣಿತಾಟು ಹಾಸಿಸಿದ್ದೇನೆ. ನಾಳೆ ನಸುಕಿನಲ್ಲಿ ಪಾಳಿ ಮುಗಿಸಿ ಬರುತ್ತಾರೆ.

ಹೋಟೆಲಿಗೆ ಮತ್ತೆ ಜನ. ನಿದ್ದೆ ಬರುತ್ತದೆಂದು ಅನಿಸುತ್ತಿಲ್ಲ.

ಮಾರ್ಚ್ ೨೦, ಗುರುವಾರ

ಬರೆಯಲೋ ಬೇಡವೋ. ಬರೆದೇ ಬಿಡುತ್ತೇನೆ.

ನಸುಕಿನಲ್ಲಿ ಬಂದರು. ಸಾಲಾಗಿ, ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು, ಗೋಣಿತಾಟಿನ ಮೇಲೆ ಕಳ್ಳ ಬೆಕ್ಕಿನ ಹಾಗೆ. ಒಬ್ಬೊಬ್ಬನಿಗೂ ನಾನೇ ಬೀಗದ ಕೈ ಕೊಟ್ಟೆ. ಮೇಲೆ ಹೋದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಎಷ್ಟು ಕಾಲವಾಗಿತ್ತು ಆ ಸದ್ದು ಕೇಳಿ. ನಾನು ಹಜಾರದಲ್ಲೇ ಕೂತೆ. ಕಿಟಕಿಯಲ್ಲಿ ಬೆಳಕು ಹರಿಯಿತು. ಹಿಂದೆ ಮೊದಲ ರೈಲಿನ ಹೊತ್ತು ಅದು. ಮೇಲೆ ಗಿರಾಕಿಗಳು ಮಲಗಿದ್ದಾರೆ, ಹೊರಗೆ ಬೆಳಗಾಗಿದೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ರೈಲು ಪ್ರಯಾಣದ ಪ್ರಬಂಧ ತಾನಾಗಿ ನಾಲಿಗೆಗೆ ಬಂತು: ‘ಐ ವೋಕ್ ಅಪ್ ಅರ್ಲಿ ಇನ್ ದ ಮಾರ್ನಿಂಗ್ ವಿತ್ ಗ್ರೇಟ್ ಜಾಯ್, ಅಂಡ್’. ಅಂಡ್ ಆದಮೇಲೆ ಏನೆಂದು ಆಗಲೂ ಮರೆಯುತ್ತಿತ್ತು, ಈಗಲೂ ಅಷ್ಟೇ.

ಆಮೇಲೆ ನೋಡುತ್ತೇನೆ, ಸುತ್ತಿಗೆ ನನ್ನ ಕೈಯಲ್ಲಿದೆ, ನಾನು ಮೂರನೇ ಮಹಡಿಯಲ್ಲಿದ್ದೇನೆ.

ರಾತ್ರಿ ದುಡಿದು ಈಗಷ್ಟೇ ಮಲಗಿದವರು ಎಂದು ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಮೊದಲ ಬಾಗಿಲಿಗೆ ಮೂರು ಸಲ ತಟ್ಟಿ, ಗಟ್ಟಿಯಾಗಿ, “ಕಾಲು ನೆಲಕ್ಕೆ ಬಿತ್ತಾ?” ಎಂದೆ. ಎರಡನೆಯದಕ್ಕೆ. ಮೂರನೆಯದಕ್ಕೆ. ಕಾಲುಗಳು ಬಿದ್ದವು, ಕೇಳಬೇಡಿ, ಎಲ್ಲ ಒಟ್ಟಿಗೆ ಬಿದ್ದವು. ಸುರಂಗದವರನ್ನು ಮಲಗಿದ ತಕ್ಷಣ ಯಾರಾದರೂ ಬಾಗಿಲು ಬಡಿದು ಎಬ್ಬಿಸಿದರೆ ಅದಕ್ಕೆ ಒಂದೇ ಅರ್ಥವಂತೆ: ಕೆಳಗೆ ಏನೋ ಕುಸಿದಿದೆ. ಬಾಗಿಲುಗಳೆಲ್ಲ ಒಟ್ಟಿಗೇ ತೆರೆದವು. ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಚಡ್ಡಿ, ಅಷ್ಟೇ. ನನ್ನನ್ನು ಗೋಡೆಗೆ ಒತ್ತರಿಸಿ ಮೆಟ್ಟಿಲು ಇಳಿದು ಓಡಿದರು. ಆ ಮೆಟ್ಟಿಲು ಮೊಟ್ಟಮೊದಲ ಸಲ ಕಿರ್ ಎಂದಿತು.

ಹೊಂಡದವರೆಗೂ ಓಡಿದ್ದಾರೆ. ಹಗಲು ಪಾಳಿಯವರು ಚಹಾ ಕುಡಿಯುತ್ತಾ ನಿಂತಿದ್ದರಂತೆ. ಇಂಜಿನಿಯರಮ್ಮ ಮೊದಲು ಬಿಳಿಚಿಕೊಂಡು, ಆಮೇಲೆ ಕೆಂಪಾದರಂತೆ. ಮೇಸ್ತ್ರಿ ವಾಪಸ್ ಬಂದು ತನ್ನವರ ಚೀಲಗಳನ್ನೆಲ್ಲ ಎರಡು ಕೈಗೆ ಸಿಕ್ಕಿಸಿಕೊಂಡ.

“ಶೆಡ್ಡೇ ವಾಸಿ ಯಜಮಾನ್ರೇ. ಬೇಯ್ತೀವಿ, ಆದ್ರೆ ಎದೆ ಒಡೆದು ಸಾಯಲ್ಲ.”

ಸಂಜೆ ಮಗಳು ಕಂಪನಿಯ ಕಾಗದಗಳನ್ನು ನನ್ನ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಪೆನ್ನನ್ನೂ ಇಟ್ಟು ಹೋದಳು.

ಮಾರ್ಚ್ ೨೨, ಶನಿವಾರ

ನಿನ್ನೆ ಊಟ ಸೇರಲಿಲ್ಲ. ಇವತ್ತು ಮಧ್ಯಾಹ್ನ ಎದ್ದು ಅಂಗಿ ಬದಲಿಸಿಕೊಂಡು ತಗಡಿನ ಆಚೆಗೆ ಹೋದೆ. ಇಷ್ಟು ದಿನವಾದರೂ ಆ ಕಡೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ತಲೆಗೊಂದು ಹೆಲ್ಮೆಟ್ ಕೊಟ್ಟರು. ಸರಿಯಾಗಿಯೇ ಕೂತಿತು.

ಶೆಡ್ಡಿನೊಳಗೆ ಬಗ್ಗಿ ನೋಡಿದೆ. ಒದ್ದೆ ಟವೆಲ್ಲು ಮುಖಕ್ಕೆ ಹಾಕಿಕೊಂಡು ಮಲಗಿದ್ದಾರೆ. ಪಕ್ಕದಲ್ಲೇ ಕಲ್ಲು ಒಡೆಯುವ ಯಂತ್ರ ಕಿವಿ ಹರಿಯುವ ಹಾಗೆ ಕೂಗುತ್ತಿದೆ, ಯಾರಿಗೂ ಎಚ್ಚರವಿಲ್ಲ. ಮೇಸ್ತ್ರಿ ಮಾತ್ರ ಹೊರಗೆ ನೆರಳಿನಲ್ಲಿ ಕೂತು ಬೂಟಿನ ಕೆಸರು ಕೆರೆಯುತ್ತಿದ್ದ.

“ಈ ಸದ್ದಲ್ಲಿ ಹೇಗಪ್ಪಾ ನಿದ್ದೆ?”

“ಇದು ನಮ್ಮ ಸದ್ದು ಯಜಮಾನ್ರೇ, ಜೋಗುಳ ಇದ್ದ ಹಾಗೆ. ಅವತ್ತು ನಿಮ್ಮಲ್ಲಿ ನೀವು ಎಬ್ಬಿಸೋಕೆ ಮುಂಚೆನೇ ನಂಗೆ ಎಚ್ಚರ ಆಗಿತ್ತು. ಏನೋ ಬಕೆಟ್ಟು.”

ಕ್ಷಮೆ ಕೇಳಬೇಕೆಂದೇ ಹೋದದ್ದು. ಬಾಯಿಗೆ ಬಂದದ್ದು ಅಜ್ಜನ ಕಥೆ. ಮದುವೆಗೆ ರೈಲು ತಪ್ಪಿಸಿಕೊಂಡವನದು, ಒಂದು ಕಾಲು ಎರಡು ಕಾಲಿನದು, ನನ್ನವಳ ಕಿವಿಯದು, ಎಲ್ಲ ಹೇಳಿದೆ. ಮೇಸ್ತ್ರಿ ಬೂಟು ಕೆರೆಯುವುದನ್ನು ನಿಲ್ಲಿಸಿ ಕೇಳಿದ.

“ಯಜಮಾನ್ರೇ,” ಎಂದ ಕೊನೆಗೆ, “ಎಬ್ಬಿಸಿದ್ದು ತಪ್ಪಲ್ಲ. ನಮಗೆ ಬೆಳಗಾಗೋದು ಸಂಜೆ. ಆಗ ಎಬ್ಬಿಸೋರೇ ಇಲ್ಲ. ಫೋನು ತಲೆದಿಂಬಿನ ಕೆಳಗೇ ಬಡ್ಕೊಂಡು ಬಡ್ಕೊಂಡು ಸಾಯುತ್ತೆ, ನಮ್ಮ ಹುಡುಗ್ರು ಏಳಲ್ಲ. ತಡವಾದ್ರೆ ಗೇಟಲ್ಲಿ ಒಳಗೆ ಬಿಡಲ್ಲ. ಹೋದ ತಿಂಗಳು ಇಬ್ಬರ ಕೆಲಸ ಹೋಯ್ತು.”

“ನಮ್ಮಲ್ಲಿ ಇಳಿದವನು ತಪ್ಪಿಸಿಕೊಳ್ಳೋದಿಲ್ಲ,” ಎಂದೆ.

“ಸಂಜೆ?”

“ಸಂಜೆ.”

“ಬಕೆಟ್ಟು?”

“ಅದರ ಜವಾಬ್ದಾರಿ ನನ್ನದು.”

ಅದು ಸುರಂಗ ಕೊರೆಯುವುದಕ್ಕಿಂತ ಕಷ್ಟದ ಜವಾಬ್ದಾರಿ ಎಂದು ಆಮೇಲೆ ಗೊತ್ತಾಯಿತು. ಬಕೆಟ್ ಅಕ್ಕ ಸೊಂಟಕ್ಕೆ ಕೈಯಿಟ್ಟು, “ನನ್ನ ಬಕೆಟ್ಟಿನ ಸುದ್ದಿಗೆ ಬಂದೋರು ಉದ್ಧಾರ ಆಗಿಲ್ಲ,” ಎಂದಳು. ಪ್ಲಾಸ್ಟಿಕ್ಕಿನದು ತರಿಸುತ್ತೇನೆ ಎಂದದ್ದಕ್ಕೆ ಮುಖ ತಿರುಗಿಸಿಕೊಂಡಳು. ಸಂಜೆ ಅವಳು ಮನೆಗೆ ಹೋಗುವಾಗ ನೋಡಿದರೆ ತಗಡಿನ ಬಕೆಟ್ಟಿನ ಬುಡಕ್ಕೆ ಹಳೆಯ ಕಂಬಳಿ ಹೊಲಿದು, ಹಿಡಿಗೆ ಚಿಂದಿ ಸುತ್ತಿ ಇಟ್ಟಿದ್ದಾಳೆ.

ನಾಳೆಯಿಂದ ಹೋಟೆಲು ತಿರುಗುಮುರುಗು. ಕಿಟಕಿಗಳಿಗೆ ಕಪ್ಪು ಬಟ್ಟೆ. ತಿಂಡಿ ಸಂಜೆಗೆ, ಊಟ ನಸುಕಿಗೆ. ಹಜಾರದ ಗಡಿಯಾರದ ಗಂಟೆಗೆ ಹತ್ತಿ ತುರುಕಿದ್ದೇನೆ. ಅಡುಗೆಯವನು, “ಹಾಗಾದ್ರೆ ನಾನು ಯಾವಾಗ ಮಲಗ್ಲಿ?” ಎಂದು ಕೇಳಿದ. ಅವರು ಮಲಗಿದಾಗ ಎಂದೆ. ಸುಲಭ.

ಮೇಜಿನ ಮೇಲಿನ ಕಾಗದ ಹಾಗೇ ಇದೆ. ಪೆನ್ನು ಮಾತ್ರ ಕಪ್ಪು ಬಟ್ಟೆ ಅಳತೆ ಮಾಡಿ ಗುರುತು ಹಾಕುವುದಕ್ಕೆ ತೆಗೆದುಕೊಂಡೆ.

ಏಪ್ರಿಲ್ ೧, ಮಂಗಳವಾರ

ಮಗಳ ನಡವಳಿಕೆಯ ಬಗ್ಗೆ ಒಂದೆರಡು ಮಾತು ಬರೆಯಲೇಬೇಕು. ದೊಡ್ಡ ಮನುಷ್ಯರು ಬಂದರೆ ಕೂರಿಸಿ ಮಾತಾಡಿಸುವುದು ನಮ್ಮ ಹೋಟೆಲಿನ ರೂಢಿ. ನಿನ್ನೆ ಬೆಳಿಗ್ಗೆ ಸಹಿ ಹಾಕಿಸಿಕೊಳ್ಳಲು ಕಂಪನಿಯ ಮ್ಯಾನೇಜರು ಬಂದಿದ್ದರಂತೆ, ಕೋಟು ಹಾಕಿಕೊಂಡು, ಜೊತೆಗೆ ಇಬ್ಬರನ್ನು ಕರೆದುಕೊಂಡು. ನನಗೆ ಗೊತ್ತೇ ಇಲ್ಲ, ನಾನು ಮಲಗಿದ್ದೆ. ಇತ್ತೀಚೆಗೆ ನನಗೂ ಬೆಳಿಗ್ಗೆಯೇ ಒಳ್ಳೆಯ ನಿದ್ದೆ. ನಡೆದದ್ದನ್ನು ಬಕೆಟ್ ಅಕ್ಕ ಸಂಜೆ ಹೇಳಿದಳು, ಆಕೆಯ ಬಾಯಲ್ಲೇ ಕೇಳಬೇಕು.

“ಪೋರ್ಟಿಕೋಗೆ ಕಾಲಿಡೋಕೂ ಬಿಡ್ಲಿಲ್ಲ ಯಜಮಾನ್ರೇ ನಿಮ್ಮ ಮಗಳು. ಓಡಿಹೋಗಿ ತುಟಿ ಮೇಲೆ ಬೆರಳಿಟ್ಟು ‘ಶ್, ಮಲಗಿದಾರೆ’ ಅಂದ್ರು. ಆ ಕೋಟಿನಪ್ಪ, ‘ಯಾರು?’ ಅಂತ ಜೋರಾಗಿ ಕೇಳ್ದ. ಅಷ್ಟೇ. ‘ಮೆಲ್ಲಗೆ ಮಾತಾಡಿ’ ಅಂತ ಗದರಿಸಿ ಮೂರೂ ಜನಾನ ರಸ್ತೆ ಮೂಲೆವರೆಗೂ ನಡೆಸ್ಕೊಂಡು ಹೋದ್ರು. ಅಲ್ಲಿ ನಿಂತು ಆವಪ್ಪ ಪಿಸುಪಿಸು ಅಂತ ಏನೇನೋ ಹೇಳ್ದ, ಇವರೂ ಪಿಸುಪಿಸು ಅಂತ ಇಲ್ಲ ಇಲ್ಲ ಅಂದ್ರು. ‘ನಿಮ್ಮ ತಂದೇನ ಕರೀರಿ’ ಅಂದ. ‘ಮೂರನೇ ಮಹಡಿ ಭರ್ತಿ, ಎರಡನೇದೂ ಭರ್ತಿ, ನಿಮ್ಮೋರೇ ಇರೋದು, ಅವರನ್ನ ಎಬ್ಬಿಸಿ ನಿಮಗೆ ಗೋಡೆ ಒಡೆಯೋಕೆ ಕೊಡ್ಲಾ?’ ಅಂದ್ಬಿಟ್ರು.”

ಹೀಗಾ ಮಾತಾಡುವುದು, ಒಬ್ಬ ಮ್ಯಾನೇಜರಿನ ಹತ್ತಿರ? ಸಹಿ ಬೇಕು ಬೇಕು ಎಂದು ನನ್ನ ತಲೆ ತಿಂದವಳು ಇವಳೇ. ಕೇಳಿದೆ.

“ಅವತ್ತು ಹೋಟೆಲು ಮಲಗಿತ್ತಪ್ಪ,” ಎಂದಳು. “ಈಗ ಅದರಲ್ಲಿ ಜನ ಮಲಗಿದಾರೆ.”

ಆಮೇಲೆ ಕಾಗದಗಳನ್ನು ಮೇಜಿನಿಂದ ತೆಗೆದುಕೊಂಡು ಹೋದಳು. ಅಲುಗುವ ಕಪಾಟಿನ ಕಾಲಡಿಗೆ ಮಡಿಸಿ ಇಟ್ಟಿದ್ದಾಳೆ. ಈಗ ಕಪಾಟು ಅಲುಗುವುದಿಲ್ಲ.

ನಿನ್ನೆ ತಿಂಗಳ ಕೊನೆ ಎಂಬುದೇ ನನಗೆ ಮರೆತುಹೋಗಿತ್ತು. ಎರಡನೇ ಮಹಡಿಯ ಮೂಲೆ ರೂಮಿನ ಹೊಸಬ, ಕಬ್ಬಿಣದ ಸರಳು ಕಟ್ಟುವವನು, ಏಳುವುದರಲ್ಲಿ ಮಹಾ ಸೋಮಾರಿ, ಅವನದೇ ಚಿಂತೆ. ನಿನ್ನೆ ಮೂರು ಸಲ ತಟ್ಟಿ ಕೇಳಿದೆ. ಒಂದು ಸದ್ದು ಬಂತು. ಕೈಯಿಂದ ಬೂಟನ್ನು ನೆಲಕ್ಕೆ ಬಿಟ್ಟಿದ್ದಾನೆ, ಕಳ್ಳ. ಬೂಟಿನ ಸದ್ದೇ ಬೇರೆ, ಪಾದದ ಸದ್ದೇ ಬೇರೆ, ನನಗೆ ಗೊತ್ತಾಗುವುದಿಲ್ಲವೇ? “ಅದು ಬೂಟು. ಕಾಲು?” ಎಂದೆ. ಒಳಗೆ ನಗು. ಆಮೇಲೆ ಒಂದು ಕಾಲು ಬಿತ್ತು.

“ಇನ್ನೊಂದು?” ಎಂದೆ.

ಇನ್ನೊಂದೂ ಬಿತ್ತು. ಮುಂದಿನ ಬಾಗಿಲಿಗೆ ಹೋದೆ.

ಏಪ್ರಿಲ್ ೯, ಬುಧವಾರ

ತೋರಣದಷ್ಟು ಅಗಲಕ್ಕೆ ತಗಡಿನ ಮೇಲೆ ಕೆಂಪು ಬಾಣ ಬಂದಿದೆ. ನಾನು ಬರೆದದ್ದಲ್ಲ. ಮೇಸ್ತ್ರಿಯ ಕೈಬರಹ, ಅಕ್ಷರಗಳೆಲ್ಲ ಓರೆ: ‘ಹೋಟೆಲ್ ಇದೆ. ಹಗಲು ಸದ್ದು ಮಾಡಬೇಡಿ.’ ಕಲ್ಲು ಒಡೆಯುವ ಯಂತ್ರದ ಪಕ್ಕದಲ್ಲೇ ಬರೆದಿದ್ದಾನೆ. ಹಗಲು ಪಾಳಿಯವರು ಅದನ್ನು ಓದಿಕೊಂಡೇ ಒಡೆಯುತ್ತಾರೆ.

ಇವತ್ತು ಬಿಡುವಿಲ್ಲ. ಮೊದಲ ಮಹಡಿಗೂ ಕಪ್ಪು ಬಟ್ಟೆ ಬೇಕು.

ಏಪ್ರಿಲ್ ೨೪, ಗುರುವಾರ

ಇಂದು ರಾತ್ರಿ ನಮ್ಮ ಮಿಷನ್ನು ಹೋಟೆಲಿನ ಅಡಿಗೇ ಬರುತ್ತದೆ. ಹದಿನೈದು ದಿನದಿಂದ ಇದೇ ಮಾತು. ಪೋರ್ಟಿಕೋ ಕೆಳಗಿನಿಂದ ಹೊಕ್ಕು, ಹಜಾರ ದಾಟಿ, ಅಡುಗೆಮನೆಯ ಕೆಳಗಿನಿಂದ ಹೊರಗೆ ಹೋಗುತ್ತದೆ, ಯಾವ ಗಿರಾಕಿಯೂ ಬರದ ದಾರಿ. ಬೆಳಿಗ್ಗೆ ಪಾಳಿ ಮುಗಿಸಿ ಬಂದ ಇಂಜಿನಿಯರಮ್ಮ ಕಂಬದ ಗಾಜನ್ನು ನೋಡಿದರು. ಭೂತಗನ್ನಡಿ ಹಿಡಿದು ಎರಡು ಸಲ ನೋಡಿದರು.

“ಏನೂ ಆಗಿಲ್ಲ ಸಾರ್. ಆದ್ರೂ ಒಂದು ಮಾತು ಕೇಳ್ತೀನಿ. ಇವತ್ತೊಂದು ರಾತ್ರಿ ನೀವೂ ಮಗಳೂ ಬೇರೆ ಕಡೆ ಇರ್ತೀರಾ? ನನ್ನ ಸಮಾಧಾನಕ್ಕೆ.”

“ನೀವೆಲ್ಲ ಎಲ್ಲಿರ್ತೀರಿ?”

“ಕೆಳಗೆ. ಮಿಷನ್ ಹತ್ತಿರ.”

“ಗಿರಾಕಿಗಳು ಕೆಳಗಿರೋವಾಗ ಹೋಟೆಲಿನವನು ಎಲ್ಲಿಗೆ ಹೋಗ್ತಾನಮ್ಮ? ನಸುಕಿಗೆ ಊಟ ಬೇಡವಾ ನಿಮಗೆ?”

ಇಂಜಿನಿಯರಮ್ಮ ನಕ್ಕರು. ಕಂಬಕ್ಕೊಮ್ಮೆ ಕೈಯಿಟ್ಟು, ನನ್ನ ಹೆಗಲಿಗೂ ಒಮ್ಮೆ ಕೈಯಿಟ್ಟು ಮೇಲೆ ಹೋದರು. ಅವರ ರೂಮು ಮೂರನೇ ಮಹಡಿಯ ಮೊದಲನೆಯದು. ಎಬ್ಬಿಸುವುದು ಅಲ್ಲಿಂದಲೇ ಶುರು. ಒಂದೇ ತಟ್ಟಿಗೆ ಏಳುವ ಏಕೈಕ ವ್ಯಕ್ತಿ, ಎರಡೂ ಕಾಲು ಒಟ್ಟಿಗೆ.

ಮೇಸ್ತ್ರಿ ಹಿಂದೆಯೇ ಬಂದು ಗುಟ್ಟಿನಲ್ಲಿ ಕೇಳಿದ, “ಯಜಮಾನ್ರೇ, ಸರಿಯಾಗಿ ಹಜಾರದ ಕೆಳಗೆ ಬಂದಾಗ ನಾವೂ ಮೂರು ಸಲ ತಟ್ಲಾ? ನಿಮ್ಮ ಕಾಲು ನೆಲಕ್ಕೆ ಬಿತ್ತಾ ಅಂತ ನೋಡೋಕೆ.”

“ತಟ್ಟು. ಎರಡೂ ಬಿದ್ದಿರುತ್ತೆ.”

ಕೋಟಿನ ಮ್ಯಾನೇಜರು ಮತ್ತೆ ಹೇಳಿಕಳಿಸಿದ್ದಾರೆ, ಕಟ್ಟಡ ಬೇಡವಂತೆ, ಇನ್ನೊಂದು ತಂಡ ಬರುತ್ತದೆ, ಅವರಿಗೂ ಹಾಸಿಗೆ ಇದೆಯಾ ಎಂದು. ಮಗಳು ವಿಚಾರಿಸಿ ಹೇಳುತ್ತೇನೆ ಎಂದಿದ್ದಾಳೆ. ವಿಚಾರಿಸಬೇಕಾದದ್ದು ಯಾರನ್ನೋ ಗೊತ್ತಿಲ್ಲ, ನನ್ನನ್ನಂತೂ ಕೇಳಿಲ್ಲ. ಮ್ಯಾನೇಜರು ಬಾಗಿಲ ಹೊರಗೆ ನಿಂತು ಕಾಯಲಿ ಎಂದುಕೊಂಡಿರಬೇಕು. ಯಾರ ಮಗಳು?

ಈಗ ಹೋಟೆಲಿನಲ್ಲಿ ಪೂರ್ತಿ ಮೌನ. ಅಡುಗೆಯವನು ಮಲಗಿದ್ದಾನೆ, ಮಗಳು ಮಲಗಿದ್ದಾಳೆ. ಬಕೆಟ್ ಅಕ್ಕ ಕಂಬಳಿ ಕಟ್ಟಿದ ಬಕೆಟ್ ಹಿಡಿದು ನೆರಳಿನ ಹಾಗೆ ಹಾದುಹೋದಳು. ನನ್ನನ್ನು ಇಲ್ಲಿ ನೋಡಿ ಒಂದು ಗಳಿಗೆ ನಿಂತಳು, ಮುಂದೆ ಹೋದಳು. ಯಾಕೆ ನಿಂತಳೋ. ಮೇಜಿಗಿಂತ ಇಲ್ಲಿ ಬರೆಯುವುದು ಅನುಕೂಲ. ಮೆಟ್ಟಿಲ ಬುಡ, ಮೂರೂ ಮಹಡಿಯ ಸದ್ದು ನೇರ ಕಿವಿಗೇ ಬೀಳುತ್ತದೆ. ಬೆತ್ತದ ಕುರ್ಚಿ ಬೆನ್ನಿಗೆ ಹಿತ. ನನ್ನವಳು ಇದನ್ನು ಯಾಕೆ ಇಲ್ಲೇ ಹಾಕಿಕೊಂಡಿದ್ದಳು ಎಂದು ಈಗ ತಿಳಿಯುತ್ತದೆ. ಯಾರು ಗೊರಕೆ ಹೊಡೆಯುತ್ತಿದ್ದಾರೆ, ಯಾರು ಮಗ್ಗಲು ಬದಲಿಸಿದರು, ಕೂತಲ್ಲೇ ಹೇಳಬಹುದು. ಮೂಲೆ ರೂಮಿನ ಸೋಮಾರಿ ಈಗ ತಾನೇ ಮಗ್ಗಲು ಬದಲಿಸಿದ. ಇವತ್ತು ಅವನು ತಡ ಮಾಡುವಂತಿಲ್ಲ, ಇವತ್ತಂತೂ ಯಾರೂ ಮಾಡುವಂತಿಲ್ಲ.

ಮೇಲೆ ತೂಗುದೀಪದ ಗಾಜುಗಳು ಮೆಲ್ಲಗೆ ಮಾತಾಡಿಕೊಳ್ಳುತ್ತಿವೆ. ಮಿಷನ್ನು ಹತ್ತಿರ ಬಂತೆಂದು ಕಾಣುತ್ತದೆ.

ಕಾಲೇಜಿನ ಆ ಪ್ರಬಂಧದ ಮುಂದಿನ ಸಾಲು ಇನ್ನೂ ನೆನಪಾಗಿಲ್ಲ. ‘ಐ ವೋಕ್ ಅಪ್ ಅರ್ಲಿ ಇನ್ ದ ಈವನಿಂಗ್ ವಿತ್ ಗ್ರೇಟ್ ಜಾಯ್, ಅಂಡ್’. ಅಂಡ್ ಏನೋ ಇತ್ತು. ಯಾರನ್ನಾದರೂ ಎಬ್ಬಿಸಿದ್ದಿರಬೇಕು. ಇನ್ನೊಂದು ವಿಷಯ ಬರೆಯುವುದಿತ್ತು, ಆ ಮೂರನೇ ಮಹಡಿಯ ಕಿಟಕಿಯಿಂದ ಹೊಂಡದ ಆಚೆ ಹಳೆಯ ನಿಲ್ದಾಣದ ಒಂದೇ ಒಂದು ಕಂಬ ಇನ್ನೂ ನಿಂತಿರುವುದು ಕಾಣುತ್ತದೆ, ಅದನ್ನು ಅವರು ಉಳಿಸಿಕೊಳ್ಳುತ್ತಾರಂತೆ, ಮೇಸ್ತ್ರಿ ಹೇಳಿದ, ಅದರ ಸುತ್ತಲೂ

ಅಕ್ಷರ ಕಾಣುತ್ತಿಲ್ಲ. ಬೆಳಕು ಇಳಿದುಬಿಟ್ಟಿದೆ. ಮೇಲೆ ಎಲ್ಲರೂ ಇನ್ನೂ ಮಲಗಿದ್ದಾರೆ.

ಮೊದಲು ಪೋರ್ಟಿಕೋ ದೀಪ.